ಹಾಲು ಮುಂದಕ್ಕೆ ಹೋಗುತ್ತಿದೆಯಾ? ವಾಂತಿ ಮಾಡುವ ಎಳೆಕೂಸಿನ ಸೋನೋಗ್ರಫಿ

(ಡೊಂಬಿವಲಿಯಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಅಜ್ಜಿಯರು ಕೂತಿದ್ದಾರೆ. ಎಳೆಕೂಸು ಹಾಲು ಕಕ್ಕುವುದರ ಬಗ್ಗೆ ಅವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಕುಡಿದು ತೇಗಿದರೆ ಬಾಯಿಯ ಪಕ್ಕದಲ್ಲಿ ಒಂದಿಷ್ಟು ಹಾಲು ಇಳಿಯುತ್ತದೆ. ಮಗು ನಗುತ್ತಿರುತ್ತದೆ, ತೂಕ ಏರುತ್ತಿರುತ್ತದೆ. ಅದಕ್ಕೆ ಡಾಕ್ಟರೂ ಬೇಡ, ನನ್ನಂಥ ಸೋನೋಗ್ರಫಿಯವನೂ ಬೇಡ. ಹೆಗಲ ಮೇಲೊಂದು ಬಟ್ಟೆ ಇದ್ದರೆ ಸಾಕು.

ನಾನು ಮಾತಾಡಬೇಕು ಅಂದುಕೊಂಡಿರುವುದು ಬೇರೆ ವಾಂತಿಯ ಬಗ್ಗೆ. ಮಗು ಹುಟ್ಟಿ ಎರಡು ಮೂರು ವಾರ ಎಲ್ಲ ಸರಿಯಾಗಿರುತ್ತದೆ. ಆಮೇಲೆ ಕಕ್ಕಲು ಶುರುವಾಗುತ್ತದೆ. ದಿನ ಕಳೆದಂತೆ ಜೋರಾಗುತ್ತದೆ. ಕುಡಿದ ಹಾಲೆಲ್ಲ ರಭಸದಿಂದ ಚಿಮ್ಮಿ ಒಂದೆರಡು ಅಡಿ ದೂರ ಹೋಗಿ ಬೀಳುತ್ತದೆ. ವಾಂತಿಯಲ್ಲಿ ಹಾಲು ಇರುತ್ತದೆ, ಒಡೆದ ಹಾಲು ಇರುತ್ತದೆ, ಹಸಿರು ಬಣ್ಣ ಮಾತ್ರ ಇರುವುದಿಲ್ಲ. ಇನ್ನೊಂದು ಗುರುತು ಇದೆ. ವಾಂತಿ ಆದ ಮರುಗಳಿಗೆಯೇ ಮಗು ಮತ್ತೆ ಹಾಲಿಗೆ ಬಾಯಿ ಹಾಕುತ್ತದೆ. ಕಾಯಿಲೆಯ ಮಗುವಿಗೆ ಸಾಮಾನ್ಯವಾಗಿ ಹಸಿವು ಇರುವುದಿಲ್ಲ. ಈ ಮಗುವಿಗೆ ಹಸಿವೇ ಹಸಿವು. ಯಾಕೆಂದರೆ ಕುಡಿದದ್ದು ಹೊಟ್ಟೆ ದಾಟಿ ಮುಂದಕ್ಕೆ ಹೋಗಿಯೇ ಇಲ್ಲ.

ಜಠರದಿಂದ ಸಣ್ಣ ಕರುಳಿಗೆ ದಾರಿ ಬಿಡುವ ಕಡೆ ಪೈಲೋರಸ್ ಅನ್ನುವ ಭಾಗ ಇದೆ. ಸುತ್ತ ಸ್ನಾಯು, ನಡುವೆ ಸಣ್ಣ ದಾರಿ. ಕೆಲವು ಮಕ್ಕಳಲ್ಲಿ ಹುಟ್ಟಿದ ಮೇಲೆ ಈ ಸ್ನಾಯು ದಪ್ಪವಾಗುತ್ತಾ ಹೋಗುತ್ತದೆ, ದಾರಿ ಉದ್ದವಾಗಿ ಕಿರಿದಾಗುತ್ತದೆ. ಇದಕ್ಕೆ ಪೈಲೋರಿಕ್ ಸ್ಟೆನೋಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರನೇ ವಾರದಲ್ಲಿ ಕಾಣಿಸಿಕೊಳ್ಳುತ್ತದೆ, ಮೂರು ತಿಂಗಳು ದಾಟಿದ ಮೇಲೆ ಅಪರೂಪ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ. ಚೊಚ್ಚಲ ಮಕ್ಕಳಲ್ಲಿ ಜಾಸ್ತಿ. ಯುರೋಪು, ಅಮೆರಿಕದ ಬಿಳಿಯರಲ್ಲಿ ಸಾವಿರ ಮಕ್ಕಳಿಗೆ 2ರಿಂದ 4 ಮಕ್ಕಳಲ್ಲಿ ಬರುತ್ತದೆ. ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ. ಸ್ನಾಯು ಯಾಕೆ ದಪ್ಪವಾಗುತ್ತದೆ ಅನ್ನುವುದಕ್ಕೆ ಒಂದೇ ಕಾರಣ ಸಿಕ್ಕಿಲ್ಲ. ಆದರೆ ಒಂದು ಸುಳಿವು ಇದೆ. 1999ರಲ್ಲಿ ಅಮೆರಿಕದ ಟೆನ್ನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ನಾಯಿಕೆಮ್ಮು ತಡೆಯಲಿ ಅಂತ ಸುಮಾರು 200 ನವಜಾತ ಶಿಶುಗಳಿಗೆ ಎರಿತ್ರೋಮೈಸಿನ್ ಕೊಟ್ಟರು. ಅವರಲ್ಲಿ 7 ಮಕ್ಕಳಿಗೆ ಪೈಲೋರಿಕ್ ಸ್ಟೆನೋಸಿಸ್ ಬಂತು. ಅಷ್ಟು ಚಿಕ್ಕ ಗುಂಪಿನಲ್ಲಿ ಅಷ್ಟು ಕೇಸು ಅಂದರೆ ತುಂಬಾ ಜಾಸ್ತಿ. ಹುಟ್ಟಿದ ಮೊದಲ ಎರಡು ವಾರ ಆ ಔಷಧಿ ಕೊಡುವಾಗ ಮಕ್ಕಳ ಡಾಕ್ಟರು ಎರಡು ಸಲ ಯೋಚಿಸುವುದು ಇದಕ್ಕೇ.

ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಕಾಯಿಲೆಗೆ ಒಂದು ವಿಚಿತ್ರ ತೊಡಕು ಇದೆ. ಮೂರರಿಂದ ಆರನೇ ವಾರ ಅಂದರೆ ಬಾಣಂತನದ ನಟ್ಟನಡುವೆ. ತಾಯಿ, ಮಗು ತವರಿನಲ್ಲಿ. ಉಡುಪಿಯಲ್ಲೋ, ಕುಂದಾಪುರದಲ್ಲೋ, ಹುಬ್ಬಳ್ಳಿಯಲ್ಲೋ. ಅಪ್ಪ ಇಲ್ಲಿ ಲೋಕಲ್‌ನಲ್ಲಿ ನೇತಾಡುತ್ತಾ ಫೋನಿನಲ್ಲಿ ಮಗುವಿನ ಮುಖ ನೋಡುತ್ತಿರುತ್ತಾನೆ. ಮನೆಯಲ್ಲಿ ಒಬ್ಬರು ದೃಷ್ಟಿ ಅನ್ನುತ್ತಾರೆ, ಒಬ್ಬರು ತಾಯಿ ತಿಂದ ಊಟ ಸರಿಹೋಗಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಗ್ರೈಪ್ ವಾಟರ್ ತರಿಸುತ್ತಾರೆ. ಯಾರನ್ನೂ ಬೈಯುತ್ತಿಲ್ಲ. ಮೊದಲ ಎರಡು ಮೂರು ದಿನ ಇದು ಸುಮ್ನೆ ಕಕ್ಕುವ ಹಾಗೆಯೇ ಕಾಣುತ್ತದೆ. ಆದರೆ ನೋಡಬೇಕಾದದ್ದು ಎರಡು. ತೂಕ ಏರುತ್ತಿದೆಯಾ? ಒದ್ದೆ ಲಂಗೋಟಿ ಕಮ್ಮಿ ಆಗುತ್ತಿದೆಯಾ? ಜೊತೆಗೆ ಆ ಫೋನಿನಿಂದ ಒಂದು ಉಪಕಾರ ಮಾಡಿಸಿಕೊಳ್ಳಿ. ವಾಂತಿ ಆಗುವಾಗ ವಿಡಿಯೋ ಮಾಡಿ, ಬಟ್ಟೆ ಮೇಲೆ ಬಿದ್ದದ್ದನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ‘ತುಂಬಾ ಕಕ್ಕುತ್ತೆ ಡಾಕ್ಟ್ರೇ’ ಅನ್ನುವ ಮಾತಿಗಿಂತ ಇಪ್ಪತ್ತು ಸೆಕೆಂಡಿನ ವಿಡಿಯೋ ನಮಗೆ ಜಾಸ್ತಿ ಹೇಳುತ್ತದೆ.

ಬಣ್ಣದ ಮಾತು ಬಂತು, ಅದನ್ನು ಮುಗಿಸಿಬಿಡುತ್ತೇನೆ. ಎಳೆಕೂಸಿನ ವಾಂತಿ ಹಸಿರಾಗಿದ್ದರೆ ಇವತ್ತಿನ ನನ್ನ ಉಪನ್ಯಾಸ ಮರೆತು ಮಕ್ಕಳ ಆಪರೇಷನ್ ಮಾಡುವ ಆಸ್ಪತ್ರೆಗೆ ಓಡಿ. ಹಸಿರು ಅಂದರೆ ಪಿತ್ತರಸ. ಪಿತ್ತರಸ ಕರುಳಿಗೆ ಬಂದು ಸೇರುವುದು ಪೈಲೋರಸ್ ದಾಟಿದ ಮೇಲೆ. ಹಾಗಾಗಿ ಹಸಿರು ವಾಂತಿ ಬಂದರೆ ಅಡಚಣೆ ಅದಕ್ಕಿಂತ ಕೆಳಗೆ ಇರಬಹುದು. ಅದರಲ್ಲಿ ಎಲ್ಲಕ್ಕಿಂತ ಭಯದ್ದು ಕರುಳು ತಿರುಚಿಕೊಳ್ಳುವುದು. ತಿರುಚಿದ ಕರುಳಿಗೆ ರಕ್ತ ಹೋಗುವುದಿಲ್ಲ, ಅಲ್ಲಿ ಗಂಟೆಗಳ ಲೆಕ್ಕ. ಪೈಲೋರಿಕ್ ಸ್ಟೆನೋಸಿಸ್‌ನಲ್ಲಿ ಅಷ್ಟು ಆತುರ ಇರುವುದಿಲ್ಲ. ಮುಂಬಯಿಯಲ್ಲಿ ಇರುವವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಪರೇಲ್‌ನಲ್ಲಿ ಮಕ್ಕಳಿಗೆಂದೇ 1929ರಲ್ಲಿ ಶುರುವಾದ ವಾಡಿಯಾ ಆಸ್ಪತ್ರೆ ಇದೆ, ಪಕ್ಕದಲ್ಲೇ ಕೆಇಎಂ, ಆ ಕಡೆ ಸಯನ್ ಆಸ್ಪತ್ರೆ.

ಈಗ ನನ್ನ ಕೋಣೆಗೆ ಬರೋಣ.

ಸೋನೋಗ್ರಫಿ ಬರುವ ಮುಂಚೆ ಈ ಕಾಯಿಲೆಯನ್ನು ಹೇಗೆ ಹಿಡಿಯುತ್ತಿದ್ದರು? ಕೈಯಿಂದ. ಮಗುವನ್ನು ತಾಯಿಯ ತೊಡೆ ಮೇಲೆ ಮಲಗಿಸಿ ಹಾಲು ಕುಡಿಸುತ್ತಾ, ಹೊಟ್ಟೆ ಸಡಿಲವಾದಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಾಡಿಸುತ್ತಿದ್ದರು. ದಪ್ಪಗಾದ ಸ್ನಾಯು ಸುಲಿದ ಅಡಿಕೆಯ ಹಾಗೆ ಗಟ್ಟಿಯಾಗಿ ಬೆರಳಿಗೆ ಸಿಗುತ್ತಿತ್ತು. ಪಾಶ್ಚಾತ್ಯ ಪುಸ್ತಕಗಳಲ್ಲಿ ಅದಕ್ಕೆ ಆಲಿವ್ ಅಂತಲೇ ಹೆಸರು. ಹೊಟ್ಟೆಯ ಮೇಲೆ ಎಡದಿಂದ ಬಲಕ್ಕೆ ಅಲೆ ಏಳುವುದೂ ಕಾಣುತ್ತಿತ್ತು. ಅದು ದಾರಿ ಇಲ್ಲದ ಕಡೆ ಹಾಲನ್ನು ನೂಕಲು ಜಠರ ಪಡುವ ಪಾಡು. ಹೀಗೆ ಕೈಯಲ್ಲಿ ಹಿಡಿಯಲು ಅರ್ಧ ಗಂಟೆಯಾದರೂ ಕಾಯುವ ತಾಳ್ಮೆ ಬೇಕಿತ್ತು. ಈಗ ಆ ತಾಳ್ಮೆ ಕಮ್ಮಿ ಆಗಿದೆ, ಎಲ್ಲರೂ ನೇರವಾಗಿ ನಮ್ಮ ಹತ್ತಿರ ಕಳಿಸುತ್ತಾರೆ. ನನಗೆ ಅದು ಸ್ವಲ್ಪ ಬೇಸರದ ವಿಷಯ. ಆದರೆ ಇನ್ನೊಂದು ಕಡೆಯೂ ನೋಡಬೇಕು. ಈಗ ಮಕ್ಕಳು ಬೇಗ ಬರುತ್ತಾರೆ, ಸೊರಗಿ ಹೋಗುವ ಮುಂಚೆಯೇ. ಆಗ ಗಡ್ಡೆ ಇನ್ನೂ ಕೈಗೆ ಸಿಗುವಷ್ಟು ಬೆಳೆದಿರುವುದಿಲ್ಲ.

ಆಮೇಲೆ ಬಂದದ್ದು ಬೇರಿಯಂ. ಬಿಳಿ ದ್ರಾವಣ ಕುಡಿಸಿ ಎಕ್ಸ್‌ರೇಯಲ್ಲಿ ನೋಡುವುದು. ಕಿರಿದಾದ ದಾರಿಯಲ್ಲಿ ಬೇರಿಯಂ ದಾರದೆಳೆಯಷ್ಟು ಸಣ್ಣಗೆ ಹೋಗುವುದು ಕಾಣುತ್ತದೆ. ಪರೀಕ್ಷೆ ಒಳ್ಳೆಯದೇ. ಆದರೆ ವಿಕಿರಣ ಇದೆ. ಮೊದಲೇ ವಾಂತಿ ಮಾಡುವ ಮಗುವಿನ ಹೊಟ್ಟೆಗೆ ಬೇರಿಯಂ ತುಂಬಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ. ಅದಕ್ಕೇ ಪರೀಕ್ಷೆ ಮುಗಿದ ಮೇಲೆ ಮೂಗಿನಿಂದ ನಳಿಗೆ ಹಾಕಿ ಹೊಟ್ಟೆ ಖಾಲಿ ಮಾಡುತ್ತಾರೆ. ಇನ್ನೊಂದು ಕೊರತೆ ಅಂದರೆ ಬೇರಿಯಂ ತೋರಿಸುವುದು ದಾರಿಯನ್ನು ಮಾತ್ರ, ಸ್ನಾಯುವನ್ನಲ್ಲ. 1977ರಲ್ಲಿ ರೀಟಾ ಟೀಲ್ ಮತ್ತು ಸ್ಮಿತ್ ಎಂಬ ಇಬ್ಬರು ಸೋನೋಗ್ರಫಿಯಲ್ಲಿ ಆ ಸ್ನಾಯುವನ್ನೇ ನೋಡಬಹುದು ಅಂತ ಬರೆದರು. ಅಲ್ಲಿಂದ ಈಚೆಗೆ ಬೇರಿಯಂ ಹಿಂದಿನ ಸಾಲಿಗೆ ಸರಿಯಿತು. ಸೋನೋಗ್ರಫಿಯಲ್ಲಿ ಉತ್ತರ ಸಿಗದಿದ್ದಾಗ, ಇಲ್ಲವೇ ಕರುಳು ತಿರುಚಿದೆಯೇನೋ ಎಂಬ ಅನುಮಾನ ಇದ್ದಾಗ ಈಗಲೂ ಬೇಕಾಗುತ್ತದೆ.

ಸೋನೋಗ್ರಫಿ ಅಂದ ತಕ್ಷಣ ಕೆಲವು ಅಜ್ಜಿಯರು ಹಿಂಜರಿಯುತ್ತಾರೆ. ಕೋಣೆಯ ಗೋಡೆ ಮೇಲೆ ಗರ್ಭದ ಲಿಂಗ ಹೇಳುವುದಿಲ್ಲ ಎಂಬ ದೊಡ್ಡ ಬೋರ್ಡು ಮರಾಠಿಯಲ್ಲಿ ಇರುತ್ತದೆ. ಅದು 1994ರ ಕಾನೂನಿನ ಬೋರ್ಡು, ಬಸುರಿಯರ ಪರೀಕ್ಷೆಗೆ ಸಂಬಂಧಪಟ್ಟದ್ದು. ಕೂಸಿನ ಹೊಟ್ಟೆ ನೋಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದರಲ್ಲಿ ವಿಕಿರಣವೂ ಇಲ್ಲ, ನೋವೂ ಇಲ್ಲ. ಜೆಲ್ ತಣ್ಣಗಿದ್ದರೆ ಮಗು ಅಳುತ್ತದೆ, ಅದಕ್ಕೆ ನಾವು ಬೆಚ್ಚಗೆ ಮಾಡಿಟ್ಟುಕೊಳ್ಳುತ್ತೇವೆ.

ಅಳುವ ಮಗುವಿನ ಪೈಲೋರಸ್ ನೋಡುವುದು ಕಷ್ಟ. ಹಾಗಾಗಿ ಮೊದಲ ಕೆಲಸ ಮಗುವನ್ನು ಸಮಾಧಾನ ಮಾಡುವುದು. ತಾಯಿ ಪಕ್ಕದಲ್ಲೇ ಇರಬೇಕು. ಮಗು ಹಸಿದಿದ್ದರೆ ಒಳ್ಳೆಯದು, ಆದರೆ ಕುಡಿಸಲು ಹಾಲೂ ಸಿದ್ಧ ಇರಬೇಕು. ಕೋಣೆಯ ಬೆಳಕು ಕಮ್ಮಿ ಮಾಡುತ್ತೇವೆ. ಮಗುವನ್ನು ಬಲಮಗ್ಗುಲಿಗೆ ಸ್ವಲ್ಪ ವಾಲಿಸುತ್ತೇವೆ. ಹಾಗೆ ಮಾಡಿದರೆ ಹೊಟ್ಟೆಯೊಳಗಿನ ದ್ರವ ಪೈಲೋರಸ್ ಕಡೆಗೆ ಬಂದು ನಿಲ್ಲುತ್ತದೆ, ಗಾಳಿ ಆ ಕಡೆ ಸರಿಯುತ್ತದೆ. ಗಾಳಿ ನಮ್ಮ ದೊಡ್ಡ ಶತ್ರು. ಸೋನೋಗ್ರಫಿಯಲ್ಲಿ ಚಿತ್ರ ಮೂಡಿಸುವ ಶಬ್ದದ ಅಲೆ ಗಾಳಿ ದಾಟಿ ಹೋಗುವುದಿಲ್ಲ. ದ್ರವ ಇದ್ದರೆ ಅದೇ ನಮಗೆ ಕಿಟಕಿ.

ಹೊಟ್ಟೆ ಮೇಲೆ ಇಟ್ಟು ನೋಡುವ ಸಾಧನಕ್ಕೆ ಪ್ರೋಬ್ ಅನ್ನುತ್ತೇವೆ. ಕೂಸಿಗೆ ಬಳಸುವುದು ಚಿಕ್ಕದು, ಹೆಚ್ಚು ಫ್ರೀಕ್ವೆನ್ಸಿಯದು. ದೊಡ್ಡವರ ಹೊಟ್ಟೆಗೆ ಬಳಸುವ ಪ್ರೋಬ್‌ನಲ್ಲಿ ಇಷ್ಟು ಸಣ್ಣ ವಸ್ತು ಸರಿಯಾಗಿ ಕಾಣುವುದಿಲ್ಲ. ಮೊದಲು ಲಿವರ್, ಅದರ ಕೆಳಗೆ ಪಿತ್ತಕೋಶ. ಪಿತ್ತಕೋಶ ಸಿಕ್ಕರೆ ಪೈಲೋರಸ್ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಸ್ನಾಯು ಕಪ್ಪಗೆ ಕಾಣುತ್ತದೆ, ಒಳಗಿನ ಲೋಳೆಪದರ ಬೆಳ್ಳಗೆ. ಅಡ್ಡಕ್ಕೆ ನೋಡಿದರೆ ಕಪ್ಪು ಬಳೆ, ನಡುವೆ ಬಿಳಿ. ಉದ್ದಕ್ಕೆ ನೋಡಿದರೆ ಎರಡು ಕಪ್ಪು ಪಟ್ಟಿ, ನಡುವೆ ಬಿಳಿ ಗೆರೆ. ಕಾಯಿಲೆ ಇರುವ ಮಗುವಿನಲ್ಲಿ ಆ ಬಿಳಿ ಪದರ ಉಬ್ಬಿ ಹಿಂದಕ್ಕೆ, ಜಠರದೊಳಗೆ ಚಾಚಿಕೊಂಡಿರುತ್ತದೆ.

ಆಮೇಲೆ ಅಳತೆ. ಸ್ನಾಯುವಿನ ಒಂದು ಬದಿಯ ದಪ್ಪ, ದಾರಿಯ ಉದ್ದ. ಆರೋಗ್ಯವಂತ ಮಗುವಿನಲ್ಲಿ ಸ್ನಾಯು ಒಂದೆರಡು ಮಿಲಿಮೀಟರ್. 3 ಮಿಲಿಮೀಟರ್ ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ. ದಾರಿಯ ಉದ್ದ 15 ಮಿಲಿಮೀಟರ್ ಆಸುಪಾಸು ಅಥವಾ ಜಾಸ್ತಿ ಇದ್ದರೆ ಇನ್ನೂ ಗಟ್ಟಿ. ವಿದ್ಯಾರ್ಥಿಗಳು ಇದನ್ನು ಗಣಿತದ ಪೈ ಸಂಖ್ಯೆಯಲ್ಲಿ ನೆನಪಿಟ್ಟುಕೊಳ್ಳುತ್ತಾರೆ. 3.1415. ಸ್ನಾಯುವಿನ ದಪ್ಪ 3, ಇಡೀ ಪೈಲೋರಸ್‌ನ ಅಗಲ 14, ದಾರಿಯ ಉದ್ದ 15, ಎಲ್ಲ ಮಿಲಿಮೀಟರ್‌ನಲ್ಲಿ. ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗುತ್ತದೆ.

ಆದರೆ ಈ ಸಂಖ್ಯೆಗಳನ್ನೇ ನೆಚ್ಚಿಕೊಂಡರೆ ಕೆಡುತ್ತದೆ, ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಇದನ್ನೇ. ಪ್ರೋಬ್ ಸ್ವಲ್ಪ ಓರೆ ಹಿಡಿದರೂ ತೆಳ್ಳಗಿನ ಸ್ನಾಯು ದಪ್ಪ ಕಾಣುತ್ತದೆ. ಜಠರ ಒಂದು ಕ್ಷಣ ಹಿಂಡಿಕೊಂಡಾಗ ಅಳೆದರೆ ದಪ್ಪ ಬರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಪುಟ್ಟ ಮಗುವಿನಲ್ಲಿ ಸ್ನಾಯು 3 ಮುಟ್ಟದೆಯೂ ಕಾಯಿಲೆ ಇರಬಹುದು. ಇನ್ನು ಪೈಲೋರೋಸ್ಪಾಸಮ್ ಅಂತ ಒಂದು ಇದೆ. ಸ್ನಾಯು ತಾತ್ಕಾಲಿಕವಾಗಿ ಬಿಗಿದುಕೊಳ್ಳುತ್ತದೆ, ಹೊಟ್ಟೆ ದಾಟಿ ಏನೂ ಹೋಗುವುದಿಲ್ಲ. ಎರಡು ನಿಮಿಷ ನೋಡಿ ಎದ್ದುಬಿಟ್ಟರೆ ಅದೂ ಸ್ಟೆನೋಸಿಸ್ ಹಾಗೆಯೇ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ಕೂರಬೇಕು. ಮಗುವಿಗೆ ಸ್ವಲ್ಪ ಹಾಲನ್ನೋ ಗ್ಲೂಕೋಸ್ ನೀರನ್ನೋ ಕುಡಿಸಿ, ಪ್ರೋಬ್ ಅಲ್ಲೇ ಇಟ್ಟು ಹತ್ತು ನಿಮಿಷ, ಬೇಕಾದರೆ ಇನ್ನೂ ಜಾಸ್ತಿ ಹೊತ್ತು ನೋಡಬೇಕು. ದಾರಿ ತೆರೆದುಕೊಳ್ಳುತ್ತದಾ? ಆರೋಗ್ಯವಂತ ಮಗುವಿನಲ್ಲಿ ಒಂದು ಅಲೆ ಬರುತ್ತದೆ, ಎರಡು ಕಪ್ಪು ಪಟ್ಟಿ ಬೇರೆಯಾಗುತ್ತವೆ, ನಡುವೆ ದ್ರವ ಸಣ್ಣ ಸಣ್ಣ ಗುಳ್ಳೆಗಳ ಜೊತೆ ಕರುಳಿಗೆ ಇಳಿಯುತ್ತದೆ. ಅದನ್ನು ಒಂದು ಸಲ ಕಣ್ಣಾರೆ ಕಂಡರೆ ಪೈಲೋರಿಕ್ ಸ್ಟೆನೋಸಿಸ್ ಬಹುಮಟ್ಟಿಗೆ ಇಲ್ಲ ಅಂತ ಹೇಳಬಹುದು. ಕಾಯಿಲೆ ಇರುವ ಮಗುವಿನಲ್ಲಿ ಅಲೆ ಜೋರಾಗಿ ಬರುತ್ತದೆ, ಪೈಲೋರಸ್‌ಗೆ ಬಡಿಯುತ್ತದೆ, ಹಿಂದಕ್ಕೆ ಹೋಗುತ್ತದೆ. ದಪ್ಪ ಸ್ನಾಯು ಮಿಸುಕುವುದಿಲ್ಲ. ಇದು ಒಂದು ಫೋಟೋದಲ್ಲಿ ಸಿಗುವ ವಿಷಯವಲ್ಲ. ನುರಿತವರ ಕೈಯಲ್ಲಿ ಈ ಪರೀಕ್ಷೆ ಶೇಕಡಾ 95ಕ್ಕಿಂತ ಜಾಸ್ತಿ ಸರಿಯಾಗಿರುತ್ತದೆ. ನುರಿತವರು ಅಂದರೆ ನನ್ನ ಲೆಕ್ಕದಲ್ಲಿ ಹೊರಗೆ ಕ್ಯೂ ಎಷ್ಟೇ ಉದ್ದ ಇದ್ದರೂ ಆ ಹತ್ತು ನಿಮಿಷ ಏಳದೆ ಕೂರುವವರು.

ಕೆಲವೊಮ್ಮೆ ಹೊಟ್ಟೆ ಹಾಲಿನಿಂದ ಬಿರಿಯುವಂತೆ ತುಂಬಿರುತ್ತದೆ. ಆಗ ಪೈಲೋರಸ್ ಹಿಂದಕ್ಕೆ ಸರಿದು ಅಡಗಿಕೊಳ್ಳುತ್ತದೆ. ಮಗುವನ್ನು ಎಡಕ್ಕೆ ತಿರುಗಿಸಿ ನೋಡಬೇಕು, ಆದರೂ ಸಿಗದಿದ್ದರೆ ನಳಿಗೆಯಿಂದ ಸ್ವಲ್ಪ ಖಾಲಿ ಮಾಡಿಸಬೇಕು. ಎಲ್ಲ ಮಾಡಿದ ಮೇಲೂ ಅಳತೆ ಅಂಚಿನಲ್ಲೇ ಇದ್ದರೆ ರಿಪೋರ್ಟಿನಲ್ಲಿ ಹಾಗೆಯೇ ಬರೆಯಬೇಕು. ಒಂದೆರಡು ದಿನ ಬಿಟ್ಟು ಮತ್ತೆ ನೋಡೋಣ ಅಂತ. ಕಾಯಿಲೆ ಇದ್ದರೆ ಸ್ನಾಯು ಅಷ್ಟರಲ್ಲಿ ಇನ್ನೂ ದಪ್ಪವಾಗಿರುತ್ತದೆ. ‘ಮತ್ತೆ ಬನ್ನಿ’ ಅಂದರೆ ಡಾಕ್ಟರಿಗೆ ಗೊತ್ತಾಗಲಿಲ್ಲ, ದುಡ್ಡು ಮಾಡ್ತಾರೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಅನುಮಾನ ಇದ್ದಾಗ ಇದೆ ಅಂತ ಬರೆದು ಆಪರೇಷನ್ ಟೇಬಲ್‌ಗೆ ಕಳಿಸುವವರಿಗಿಂತ ‘ಮತ್ತೆ ಬನ್ನಿ’ ಅನ್ನುವವರು ವಾಸಿ.

ಪೈಲೋರಸ್ ಸರಿಯಾಗಿದೆ ಅಂತ ಕಂಡ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ವಾಂತಿಗೆ ಕಾರಣ ಬೇರೆ ಇರಬೇಕಲ್ಲ? ಕರುಳಿನ ರಕ್ತನಾಳಗಳು ತಮ್ಮ ಜಾಗದಲ್ಲಿ ಇವೆಯಾ ಅಂತ ನೋಡುತ್ತೇವೆ, ಅದಲುಬದಲಾಗಿದ್ದರೆ ಕರುಳು ತಿರುಚುವ ಅಪಾಯ. ಜಠರದಿಂದ ಹೊರಗೆ ಹೋಗುವ ದಾರಿಯಲ್ಲಿ ತೆಳುವಾದ ಪರದೆ ಬೆಳೆದಿರಬಹುದು. ಹೃದಯದ ತೊಂದರೆಗೆ ಪ್ರೊಸ್ಟಾಗ್ಲಾಂಡಿನ್ ಔಷಧಿ ಹಲವು ದಿನ ಪಡೆದ ಮಕ್ಕಳಲ್ಲಿ ಜಠರದ ಒಳಪದರವೇ ಬೆಳೆದು ದಾರಿ ಮುಚ್ಚುವುದುಂಟು. ಹುಟ್ಟಿದ ದಿನದಿಂದಲೇ ವಾಂತಿ ಇದ್ದರೆ, ಎಕ್ಸ್‌ರೇಯಲ್ಲಿ ಗಾಳಿಯ ಎರಡು ಗುಳ್ಳೆ ಮಾತ್ರ ಕಂಡರೆ, ಸಣ್ಣ ಕರುಳಿನ ಆರಂಭವೇ ಮುಚ್ಚಿದೆ ಅಂತ ಅರ್ಥ. ಮೂತ್ರದ ಸೋಂಕು, ಮಿದುಳಿನ ಒತ್ತಡ, ಇವೂ ವಾಂತಿ ತರುತ್ತವೆ.

ಚಿತ್ರದ ಜೊತೆ ರಕ್ತಪರೀಕ್ಷೆಯನ್ನೂ ಓದಬೇಕು. ಜಠರದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ದಿನವೂ ಅದು ವಾಂತಿಯಲ್ಲಿ ಹೋದರೆ ರಕ್ತದಲ್ಲಿ ಕ್ಲೋರೈಡ್ ಇಳಿಯುತ್ತದೆ, ಪೊಟ್ಯಾಷಿಯಂ ಇಳಿಯುತ್ತದೆ, ಕ್ಷಾರ ಏರುತ್ತದೆ. ಇದೇ ವಯಸ್ಸಿನಲ್ಲಿ ಅಡ್ರಿನಲ್ ಗ್ರಂಥಿಯ ಒಂದು ಕಾಯಿಲೆಯೂ ಹೀಗೇ ವಾಂತಿ ತರುತ್ತದೆ, ಆದರೆ ಅದರಲ್ಲಿ ಪೊಟ್ಯಾಷಿಯಂ ಏರುತ್ತದೆ. ಎರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ. ಕ್ಷಾರ ಏರಿರುವ ಮಗುವಿಗೆ ಅರಿವಳಿಕೆ ಕೊಟ್ಟರೆ ಆಪರೇಷನ್ ಆದ ಮೇಲೆ ಉಸಿರು ನಿಲ್ಲುವ ಅಪಾಯ ಇರುತ್ತದೆ. ಅದಕ್ಕೇ ಸೋನೋಗ್ರಫಿಯಲ್ಲಿ ಕಾಯಿಲೆ ಖಚಿತವಾದ ಮೇಲೂ ಸರ್ಜನ್ ಒಂದೆರಡು ದಿನ ಸಲೈನ್ ಹಾಕಿಸಿ ಕಾಯುತ್ತಾರೆ. ‘ಗೊತ್ತಾದ ಮೇಲೂ ಆಪರೇಷನ್ ಮಾಡ್ತಾ ಇಲ್ಲ’ ಅಂತ ವಾರ್ಡಿನಲ್ಲಿ ಜಗಳ ಮಾಡುವ ಮಾವಂದಿರನ್ನು ನಾನು ನೋಡಿದ್ದೇನೆ. ಕಾಯುವುದೇ ಅಲ್ಲಿ ಚಿಕಿತ್ಸೆ.

ಆಪರೇಷನ್ ಚಿಕ್ಕದು. ಅದರ ಕಥೆ ಸ್ವಾರಸ್ಯವಾಗಿದೆ. ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದವನು ಡೆನ್ಮಾರ್ಕಿನ ಮಕ್ಕಳ ಡಾಕ್ಟರ್ ಹಿರ್ಷ್‌ಸ್ಪ್ರುಂಗ್, 1888ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಆಪರೇಷನ್ ಮಾಡಿದರೂ ಬಹಳ ಮಕ್ಕಳು ಉಳಿಯುತ್ತಿರಲಿಲ್ಲ. 1911ರಲ್ಲಿ ಜರ್ಮನಿಯ ರಾಮ್‌ಸ್ಟೆಟ್ ಒಂದು ಮಗುವಿನ ಪೈಲೋರಸ್ ಸ್ನಾಯುವನ್ನು ಉದ್ದಕ್ಕೆ ಸೀಳಿದ, ಒಳಗಿನ ಪದರ ಕತ್ತರಿಸಲಿಲ್ಲ. ಆಗಿನ ಪದ್ಧತಿಯಂತೆ ಸೀಳಿದ ಜಾಗವನ್ನು ಅಡ್ಡಕ್ಕೆ ಹೊಲಿಯಲು ಹೋದರೆ ಹೊಲಿಗೆ ನಿಲ್ಲಲೇ ಇಲ್ಲ, ಸ್ನಾಯುವನ್ನು ಹರಿದುಕೊಂಡು ಬಂತು. ಮಗು ಬದುಕಿತು. ಮುಂದಿನ ಮಗುವಿಗೆ ಅವನು ಹೊಲಿಯುವ ಗೋಜಿಗೇ ಹೋಗಲಿಲ್ಲ, ಸೀಳಿ ಹಾಗೇ ಬಿಟ್ಟ. ಇವತ್ತಿಗೂ ಅದೇ ಆಪರೇಷನ್. ಕೆಲವರು ಹೊಟ್ಟೆ ತೆರೆದು ಮಾಡುತ್ತಾರೆ, ಕೆಲವರು ಲ್ಯಾಪರೋಸ್ಕೋಪ್‌ನಲ್ಲಿ. ಕೆಲವು ಗಂಟೆ ಕಳೆದ ಮೇಲೆ ಹಾಲು ಶುರು ಮಾಡುತ್ತಾರೆ.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ಅಜ್ಜಿ ಕೇಳಿದರು, ‘ಬಾಟಲಿ ಹಾಲಿನಿಂದ ಇದು ಬರುತ್ತಾ ಡಾಕ್ಟ್ರೇ?’ ಬಾಟಲಿ ಹಾಲು ಕುಡಿಯುವ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ ಅಮ್ಮ. ಆದರೆ ತಾಯಿ ಹಾಲು ಮಾತ್ರ ಕುಡಿಯುವ ಮಕ್ಕಳಿಗೂ ಬರುತ್ತದೆ. ಸೊಸೆಯನ್ನಂತೂ ಇದಕ್ಕೆ ಹೊಣೆ ಮಾಡಬೇಡಿ. (ಇಲ್ಲಿ ಹಿಂದಿನ ಸಾಲಿನ ಸೊಸೆಯಂದಿರು ಚಪ್ಪಾಳೆ ಹೊಡೆದರು.)

ಒಬ್ಬರು ಎದ್ದು, ತಮಗೇ ಚಿಕ್ಕಂದಿನಲ್ಲಿ ಈ ಆಪರೇಷನ್ ಆಗಿತ್ತು, ತಮ್ಮ ಮಕ್ಕಳಿಗೂ ಬರುತ್ತದಾ ಅಂತ ಕೇಳಿದರು. ಮನೆತನದಲ್ಲಿ ಬರುವ ಗುಣ ಇದಕ್ಕೆ ಇದೆ. ಅಪ್ಪನಿಗೆ ಇದ್ದರೆ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಐದು, ಹೆಣ್ಣುಮಕ್ಕಳಲ್ಲಿ ಅದರ ಅರ್ಧದಷ್ಟು. ಅಮ್ಮನಿಗೆ ಇದ್ದರೆ ಗಂಡುಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರ ಹತ್ತಿರ ಹೋಗುತ್ತದೆ. ಹೆದರಬೇಕಾಗಿಲ್ಲ. ಆದರೆ ಮಗು ಹುಟ್ಟಿದಾಗ ಮಕ್ಕಳ ಡಾಕ್ಟರಿಗೆ ಇದನ್ನು ಹೇಳಿಬಿಡಿ. ಮೂರನೇ ವಾರದಲ್ಲಿ ವಾಂತಿ ಅಂತ ಹೋದರೆ ಅವರು ಅಂದೇ ಸೋನೋಗ್ರಫಿಗೆ ಬರೆದುಕೊಡುತ್ತಾರೆ.

ಆಪರೇಷನ್ ಬೇಡ, ಔಷಧಿ ಇಲ್ಲವಾ ಅಂತಲೂ ಒಂದು ಪ್ರಶ್ನೆ ಬಂತು. ಅಟ್ರೋಪಿನ್ ಇದೆ. ಜಪಾನಿನಲ್ಲಿ ಅದನ್ನು ಬಳಸಿದ್ದಾರೆ. ಆದರೆ ತುಂಬಾ ದಿನ ಆಸ್ಪತ್ರೆಯಲ್ಲಿ ಇರಬೇಕು, ಎಲ್ಲರಿಗೂ ಗುಣ ಆಗುವುದಿಲ್ಲ. ಅರಿವಳಿಕೆ ಕೊಡುವುದು ಅಪಾಯ ಅನ್ನಿಸುವ ಮಕ್ಕಳಿಗೆ ಅದು ಸರಿ.

ಕೊನೆಯದು ಒಬ್ಬ ತಾಯಿಯ ಪ್ರಶ್ನೆ. ಮಗನಿಗೆ ಆಪರೇಷನ್ ಆಗಿ ಎರಡು ವಾರ ಆಗಿತ್ತಂತೆ. ಒಮ್ಮೊಮ್ಮೆ ಕಕ್ಕುತ್ತಾನೆ, ಮತ್ತೆ ಸೋನೋಗ್ರಫಿ ಮಾಡಿಸಬೇಕಾ ಅಂತ ಕೇಳಿದರು. ಬೇಡ ಅಂದೆ. ಸೀಳಿದ ಸ್ನಾಯು ತೆಳ್ಳಗಾಗಲು ವಾರಗಟ್ಟಲೆ ಬೇಕು. ಈಗ ಅಳೆದರೆ ಮೊದಲಿನಷ್ಟೇ ದಪ್ಪ ಬರುತ್ತದೆ, ನೋಡಿದವರು ಸುಮ್ನೆ ಗಾಬರಿ ಪಡುತ್ತಾರೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ಒಂದಿಷ್ಟು ಕಕ್ಕುವುದು ಮಾಮೂಲು. ತೂಕ ಎಷ್ಟು ಏರಿದೆ ಅಂತ ಕೇಳಿದೆ. ಚೆನ್ನಾಗಿ ಏರಿತ್ತು. ಆದರೆ ಮತ್ತೆ ಮೊದಲಿನ ಹಾಗೆ ಪ್ರತಿ ಸಲವೂ ಚಿಮ್ಮಿ ಹೊರಗೆ ಬರುತ್ತಿದ್ದರೆ ಸರ್ಜನ್ ಹತ್ತಿರ ಹೋಗಿ. ಆಗ ನಾವು ಅಳತೆ ಬಿಟ್ಟು ಹಾಲು ಮುಂದಕ್ಕೆ ಹೋಗುತ್ತಿದೆಯಾ ಅಂತ ಮಾತ್ರ ನೋಡುತ್ತೇವೆ. ಅದಕ್ಕೆ ಬೇರಿಯಂ ಬೇಕಾದರೂ ಬೇಕಾಗಬಹುದು.